ದೆವ್ವ ಬಿಡಿಸುವವರು ಯಾರು, ಮೆಟ್ಟಿಸಿಕೊಳ್ಳುವವರು ಯಾರು: ಕೊರಿಯನ್ ಹಾರರ್ ಸಿನಿಮಾದೊಳಗಿನ ಮಂದಿ

ಕನ್ನಡದಲ್ಲಿ ದೇವರು ಮೈಮೇಲೆ ಬರುತ್ತದೆ, ದೆವ್ವ ಮೆಟ್ಟಿಕೊಳ್ಳುತ್ತದೆ. ಹೊರಗಿನದೊಂದು ಒಳಗೆ ಬಂದು ಕೂರುವುದು ಎರಡರಲ್ಲೂ ಒಂದೇ. ಆದರೂ ಒಂದರ ಜಾಗದಲ್ಲಿ ಇನ್ನೊಂದು ಮಾತನ್ನು ಯಾರೂ ಆಡುವುದಿಲ್ಲ. ಮೊದಲನೆಯದಾದರೆ ಜನ ಕೈಮುಗಿದು ಎದುರು ಕೂರುತ್ತಾರೆ, ಎರಡನೆಯದಾದರೆ ಮಂತ್ರವಾದಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಕೊರಿಯನ್ನರ ಮಾತಿನಲ್ಲೂ ಈ ಭೇದ ಇದೆ. ದೇವರನ್ನು ಮೈಮೇಲೆ ಇಳಿಸಿಕೊಳ್ಳುವುದು 'ಕಾಂಗ್‌ಶಿನ್', ಬೇಡದ್ದು ಹೊಕ್ಕು ಕಾಡುವುದು 'ಬಿಂಗ್ಯಿ'. ಇಂಗ್ಲಿಷ್ ಸಬ್‌ಟೈಟಲ್ ಎರಡಕ್ಕೂ 'ಪೊಸೆಷನ್' ಎಂಬ ಒಂದೇ ಪದ ಹಾಕಿ ಕೈತೊಳೆದುಕೊಳ್ಳುತ್ತದೆ. ಕೊರಿಯಾದ ದೆವ್ವ ಬಿಡಿಸುವ ಸಿನಿಮಾಗಳಲ್ಲಿ ಯಾರಿಗೆ ಯಾವ ಸ್ಥಾನ ಸಿಕ್ಕಿದೆ ಎಂದು ನೋಡಹೊರಟರೆ ಮೊದಲ ಎಡವು ಇದೇ. ಒಂದೇ ಕೋಣೆಯಲ್ಲಿ ಒಬ್ಬಳ ಮೈಮೇಲೆ ದೇವರು ಬಂದಿರುತ್ತದೆ, ಇನ್ನೊಬ್ಬಳನ್ನು ದೆವ್ವ ಮೆಟ್ಟಿರುತ್ತದೆ. ಮೊದಲನೆಯವಳಿಗೆ ಅಧಿಕಾರ, ಎರಡನೆಯವಳಿಗೆ ಹಗ್ಗ.

ವೈವಿಧ್ಯ, ಪ್ರಾತಿನಿಧ್ಯ ಎಂದೊಡನೆ ಪರದೆಯ ಮೇಲೆ ಎಷ್ಟು ಬಗೆಯ ಮುಖಗಳಿವೆ ಎಂದು ಎಣಿಸುವುದು ರೂಢಿ. ಹಾಲಿವುಡ್ ಚಿತ್ರಕ್ಕೆ ಆ ಲೆಕ್ಕ ಸ್ವಲ್ಪಮಟ್ಟಿಗೆ ಹೊಂದೀತು. ನೋಡಲು ಎಲ್ಲರೂ ಒಂದೇ ಎನಿಸುವ ದೇಶದ ಸಿನಿಮಾಕ್ಕೆ ಹೊಂದುವುದಿಲ್ಲ. ಇಲ್ಲಿ ಎಣಿಸಬೇಕಾದದ್ದು ಪೀಠಗಳನ್ನು. ಈ ಬಗೆಯ ಯಾವ ಚಿತ್ರದಲ್ಲೂ ಮೂರು ಪೀಠ ಇದ್ದೇ ಇರುತ್ತವೆ: ಬಿಡಿಸುವವರದು ಒಂದು, ಮೆಟ್ಟಿಸಿಕೊಂಡವರದು ಒಂದು, ಮೆಟ್ಟಿದ್ದರದು ಒಂದು. ಯಾವ ಮತದವರು, ಯಾವ ಊರಿನವರು, ಹೆಣ್ಣೋ ಗಂಡೋ, ಸ್ವದೇಶಿಯೋ ಪರದೇಶಿಯೋ ಎಂಬುದನ್ನು ಈ ಮೂರು ಕಡೆ ಬೇರೆ ಬೇರೆಯಾಗಿ ಕೇಳಬೇಕು. 2015ರಿಂದ 2025ರವರೆಗಿನ ಹತ್ತು ವರ್ಷದ ಮುಖ್ಯ ಚಿತ್ರಗಳನ್ನು ಹಾಗೆ ಸಾಲಾಗಿಟ್ಟು ನೋಡಿದರೆ ಮೊದಲ ಪೀಠ ಚೆನ್ನಾಗಿಯೇ ಅಗಲವಾಗಿದೆ. ಎರಡನೆಯದು ಕಷ್ಟಪಟ್ಟು ಒಂದಿಷ್ಟು ಅಲುಗಿದೆ. ಮೂರನೆಯದು ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಜನಗಣತಿಯಲ್ಲಿ ಇಲ್ಲದ ಮತ

ದಕ್ಷಿಣ ಕೊರಿಯಾದ 2015ರ ಜನಗಣತಿಯಲ್ಲಿ ಶೇ. 56.1 ಜನ ತಮಗೆ ಯಾವ ಧರ್ಮವೂ ಇಲ್ಲ ಎಂದು ಬರೆಸಿದರು. ಪ್ರಾಟೆಸ್ಟಂಟರು ಶೇ. 19.7, ಬೌದ್ಧರು ಶೇ. 15.5, ಕ್ಯಾಥೊಲಿಕರು ಶೇ. 7.9. ಈ ಪಟ್ಟಿಯಲ್ಲಿ ಮುಸೊಕ್ ಇಲ್ಲ. ಮುಸೊಕ್ ಎಂದರೆ ಮುದಾಂಗ್‌ಗಳು, ಅಂದರೆ ದೇವರು ದೆವ್ವಗಳ ಜೊತೆ ಮಾತಾಡುವ ಅಲ್ಲಿನ ಮಂತ್ರವಾದಿಗಳು, ನಡೆಸುವ ಆರಾಧನೆ, ಅವರು ಮಾಡುವ ಆಚರಣೆಯ ಹೆಸರು 'ಗುತ್'. ಧರ್ಮ ಇಲ್ಲ ಎಂದು ಬರೆಸಿದ ಮನೆಯವರೇ ಮಗನ ಪರೀಕ್ಷೆ, ಅಂಗಡಿಯ ನಷ್ಟ, ವಾಸಿಯಾಗದ ಕಾಯಿಲೆ ಎಂದು ಮುದಾಂಗ್ ಬಾಗಿಲು ತಟ್ಟುವುದುಂಟು. ಸಿನಿಮಾ ತಂಡಗಳೂ ಇದಕ್ಕೆ ಹೊರತಲ್ಲ. ನಮ್ಮಲ್ಲಿ ಮುಹೂರ್ತಕ್ಕೆ ಕಾಯಿ ಒಡೆದ ಹಾಗೆ ಅಲ್ಲಿ ಚಿತ್ರೀಕರಣಕ್ಕೆ ಮೊದಲು 'ಗೋಸಾ' ನಡೆಯುತ್ತದೆ. ಬೇಯಿಸಿದ ಹಂದಿಯ ತಲೆ ಇಟ್ಟು, ಅಡ್ಡಬಿದ್ದು, ಅದರ ಬಾಯಿಗೆ ನೋಟು ಸಿಕ್ಕಿಸುತ್ತಾರೆ.

ಚೋಸನ್ ರಾಜರ ಕಾಲದಲ್ಲಿ ಮುದಾಂಗ್‌ಗಳನ್ನು ಕೀಳು ಜಾತಿಗಳಲ್ಲಿ ಸೇರಿಸಿದ್ದರು. ಬೌದ್ಧ ಭಿಕ್ಷುಗಳೂ ಅದೇ ಪಟ್ಟಿಯಲ್ಲಿದ್ದರು ಎಂಬುದನ್ನು ಮರೆಯಬಾರದು. 1970ರ ದಶಕದಲ್ಲಿ ಪಾರ್ಕ್ ಚುಂಗ್-ಹೀ ಸರ್ಕಾರ ಹಳ್ಳಿಗಳ ಸುಧಾರಣೆ ಎಂದು ನಡೆಸಿದ ಸೇಮಾಉಲ್ ಚಳವಳಿಯಲ್ಲಿ 'ಮೂಢನಂಬಿಕೆ ನಿರ್ಮೂಲನ'ದ ಹೆಸರಿನಲ್ಲಿ ಊರ ಗುಡಿಗಳು ಉರುಳಿದವು, ಗುತ್ ನಡೆಸುವವರು ಪೊಲೀಸರಿಗೆ ಹೆದರಿ ಓಡಬೇಕಾಯಿತು. ಆಮೇಲೆ ಅದೇ ಸರ್ಕಾರಿ ವ್ಯವಸ್ಥೆ ಅವರನ್ನು ಸಂಸ್ಕೃತಿಯ ಆಸ್ತಿ ಎಂದು ಕರೆದು ಪದಕ ಕೊಟ್ಟಿತು. ಕಿಮ್ ಗುಮ್-ಹ್ವಾ ಎಂಬ ಹೆಸರಾಂತ ಮುದಾಂಗ್ ಈ ಎರಡನ್ನೂ ಒಂದೇ ಬಾಳಿನಲ್ಲಿ ಕಂಡವರು. ಅಟ್ಟಾಡಿಸಿಕೊಂಡ ಅವರೇ 1985ರಲ್ಲಿ ಪಶ್ಚಿಮ ಕರಾವಳಿಯ ಗುತ್ ಪರಂಪರೆಯ ರಾಷ್ಟ್ರೀಯ ವಾರಸುದಾರರಾದರು. 2019ರಲ್ಲಿ ತೀರಿಕೊಂಡರು. ಜೇಜು ದ್ವೀಪದ ಚಿಲ್ಮೋರಿದಾಂಗ್ ಗುತ್ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಪದಕ ಬಂತೆಂದು ಅಕ್ಕಪಕ್ಕದವರ ಮರ್ಯಾದೆಯೂ ಬಂತು ಎನ್ನುವಂತಿಲ್ಲ. ಪರದೆಯ ಮೇಲೆ ಮುದಾಂಗ್ ಬಂದಾಗ ಪ್ರೇಕ್ಷಕರ ಒಳಗೆ ಕೆಲಸ ಮಾಡುವುದು ಈ ಎರಡೂ ನೆನಪು.

ಮೊದಲ ಪೀಠ: ಅಪ್ಪಣೆ ಯಾರದು

2015ರ ನವೆಂಬರಿನಲ್ಲಿ ಬಂದ ಜಾಂಗ್ ಜೇ-ಹ್ಯುನ್ ನಿರ್ದೇಶನದ 'ದಿ ಪ್ರೀಸ್ಟ್ಸ್' ಈ ಅಲೆಗೆ ದಾರಿ ಮಾಡಿಕೊಟ್ಟ ಚಿತ್ರ. 54 ಲಕ್ಷಕ್ಕೂ ಹೆಚ್ಚು ಟಿಕೆಟ್ ಹರಿದವು. ಶೇ. 8ರಷ್ಟೂ ಇಲ್ಲದ ಕ್ಯಾಥೊಲಿಕರಿಗೆ ಇಷ್ಟು ದೊಡ್ಡ ಪೀಠ ಏಕೆ ಸಿಕ್ಕಿತು? ಕ್ಯಾಮೆರಾಕ್ಕೆ ಬೇಕಾದ್ದೆಲ್ಲ ಅವರಲ್ಲಿ ಸಿದ್ಧವಾಗಿದೆ ಎಂಬುದು ನೇರ ಉತ್ತರ. ನಿಲುವಂಗಿ, ಗಂಟೆ, ಧೂಪ, ಲ್ಯಾಟಿನ್, ಎಲ್ಲಕ್ಕಿಂತ ಹೆಚ್ಚಾಗಿ ಕಡತ. ಚರ್ಚಿನ ಕಾನೂನಿನ 1172ನೇ ಕಲಮು ಹೇಳುವುದಿಷ್ಟು: ಸ್ಥಳೀಯ ಬಿಷಪರ ವಿಶೇಷ ಅಪ್ಪಣೆ ಇಲ್ಲದೆ ಯಾರೂ ದೆವ್ವ ಬಿಡಿಸುವಂತಿಲ್ಲ, ಆ ಅಪ್ಪಣೆಯೂ ಭಕ್ತಿ, ತಿಳಿವಳಿಕೆ, ವಿವೇಕ, ಶುದ್ಧ ನಡತೆ ಇರುವ ಪಾದ್ರಿಗೆ ಮಾತ್ರ. ಅಪ್ಪಣೆ ಸಿಗಲಿಲ್ಲ, ಹೆಚ್ಚು ಹೊತ್ತಿಲ್ಲ, ಸಹಾಯಕ ಹೊಸಬ ಎಂಬ ಮೂರು ಎಳೆಯಲ್ಲೇ ಕಥೆ ಹೆಣೆಯಬಹುದು.

ಆದರೆ ಆ ಚಿತ್ರವನ್ನು ಕೊರಿಯಾದ್ದಾಗಿಸುವುದು ಇನ್ನೊಂದು ವಿವರ. ಪಾದ್ರಿಗಳು ಸೋಲ್ ನಗರದ ಮ್ಯೊಂಗ್‌ದೊಂಗ್ ಓಣಿಯಲ್ಲಿ ಹುಡುಗಿಯೊಬ್ಬಳನ್ನು ದೆವ್ವ ಮೆಟ್ಟಿರುವ ಕೋಣೆಗೆ ಬರುವಷ್ಟರಲ್ಲಿ ಅಲ್ಲಿ ಒಂದು ಗುತ್ ನಡೆದು ಸೋತಿರುತ್ತದೆ. ಮುದಾಂಗ್ ಮತ್ತು ಪಾದ್ರಿ ಒಬ್ಬರನ್ನೊಬ್ಬರು ಅಣಕಿಸುವುದಿಲ್ಲ, ಒಂದೇ ಆಸ್ಪತ್ರೆಯ ಎರಡು ಪಾಳಿಯ ಡಾಕ್ಟರುಗಳ ಹಾಗೆ ಕೆಲಸ ಒಪ್ಪಿಸಿ ಹೋಗುತ್ತಾರೆ. ಹಂದಿಯನ್ನೇ ನೋಡಿ. ಪಾದ್ರಿಗಳು ದೆವ್ವವನ್ನು ಹಂದಿಮರಿಯೊಳಕ್ಕೆ ಇಳಿಸಿ ಹಾನ್ ನದಿಯ ಆಳಕ್ಕೆ ಒಯ್ಯುತ್ತಾರೆ. ಅದರ ಮೂಲ ಬೈಬಲಿನಲ್ಲಿದೆ. ದೆವ್ವಗಳು ಹಂದಿಗಳ ಹಿಂಡನ್ನು ಹೊಕ್ಕು ನೀರಿಗೆ ಬೀಳುವ ಪ್ರಸಂಗ ಮಾರ್ಕನ ಸುವಾರ್ತೆಯ ಐದನೇ ಅಧ್ಯಾಯದ್ದು. ಆದರೆ ಗೋಸಾದ ಹಂದಿತಲೆ ಕಂಡ ಪ್ರೇಕ್ಷಕರಿಗೆ ಅದು ಹೊರಗಿನದು ಅನ್ನಿಸುವುದೇ ಇಲ್ಲ.

ಅದೇ ನಿರ್ದೇಶಕ 2019ರಲ್ಲಿ ತೆಗೆದ 'ಸ್ವಾಹಾ: ದಿ ಸಿಕ್ಸ್ತ್ ಫಿಂಗರ್' ಬೌದ್ಧರ ಕಡೆ ಹೊರಳಿತು. ಹೋಮದ ಹೊಗೆಯಲ್ಲಿ ಬೆಳೆದ ನಮಗೆ ಆ ಹೆಸರು ಅನುವಾದವಿಲ್ಲದೆ ಅರ್ಥವಾಗುತ್ತದೆ. ಕೊರಿಯನ್ ಬೌದ್ಧ ಮಂತ್ರಗಳ ಕೊನೆಗೆ ಬರುವ 'ಸಬಾಹಾ' ನಮ್ಮ ಸ್ವಾಹಾನೇ. ಅಲ್ಲಿನ ದೇವಾಲಯಗಳ ಹೆಬ್ಬಾಗಿಲಲ್ಲಿ ಕಣ್ಣು ಕೆಕ್ಕರಿಸಿ ನಿಂತಿರುವ ನಾಲ್ವರು ದಿಕ್ಪಾಲಕ ರಾಜರಲ್ಲಿ ಪಶ್ಚಿಮದವನ ಹೆಸರು ವಿರೂಪಾಕ್ಷ, ಉತ್ತರದವನು ವೈಶ್ರವಣ. ಹಂಪಿಯ ವಿರೂಪಾಕ್ಷನೊಂದಿಗೆ ಗಂಟುಹಾಕಬೇಡಿ, ಹೆಸರು ಮಾತ್ರ ಒಂದೇ ಸಂಸ್ಕೃತದ್ದು. ಚಿತ್ರದಲ್ಲಿ ಪಾರ್ಕ್ ಜಂಗ್-ಮಿನ್ ಮಾಡಿದ ಕೊಲೆಗಾರ ತರುಣ ತನ್ನನ್ನು ಈ ಪಶ್ಚಿಮದ ರಾಜನೆಂದೇ ನಂಬಿರುತ್ತಾನೆ. ಅವನ ಹೆಸರು ನಾ-ಹಾನ್, ಅಂದರೆ ಅರ್ಹತ, ಬೌದ್ಧರಲ್ಲಿ ಮುಕ್ತಿ ಪಡೆದವನು. ಇದು ಗೊತ್ತಿದ್ದವರಿಗೆ ಪಾತ್ರ ಮೊದಲ ಕ್ಷಣಕ್ಕೇ ಬಾಯಿಬಿಡುತ್ತದೆ. ಈ ಚಿತ್ರದಲ್ಲಿ ಪ್ರಾಟೆಸ್ಟಂಟ್ ಪಾಸ್ಟರ್ ಒಬ್ಬ ಇದ್ದಾನೆ, ಆದರೆ ದೆವ್ವ ಬಿಡಿಸಲು ಅಲ್ಲ. ನಕಲಿ ಪಂಥಗಳನ್ನು ಪತ್ತೆಹಚ್ಚಿ ಬಯಲಿಗೆಳೆಯುವುದು ಅವನ ಹೊಟ್ಟೆಪಾಡು. ಕೊರಿಯಾದ ಕ್ರೈಸ್ತರಲ್ಲಿ ಹೆಚ್ಚಿನವರು ಪ್ರಾಟೆಸ್ಟಂಟರಾದರೂ ಈ ಚಿತ್ರಗಳಲ್ಲಿ ಅವರಿಗೆ ಸಿಗುವುದು ಅನುಮಾನಿಯ ಪಾತ್ರ, ಇಲ್ಲವೇ ಅತಿಭಕ್ತಿಯ ಪಾತ್ರ. 2009ರ 'ಪೊಸೆಸ್ಡ್' ಎಂಬ ಅಪಾರ್ಟ್‌ಮೆಂಟ್ ಕಥೆಯಲ್ಲಿ ಮಗಳು ಕಾಣೆಯಾದರೂ ಪ್ರಾರ್ಥನೆ ಸಾಕೆನ್ನುವ ತಾಯಿ ಇದಕ್ಕೆ ಉದಾಹರಣೆ. ಇಷ್ಟು ದೊಡ್ಡ ಸಮುದಾಯಕ್ಕೆ ಇದು ಕಡಿಮೆಯೇ.

ಜಾಂಗ್ ಅವರ ಮೂರನೆಯ ಚಿತ್ರ 'ಎಕ್ಸುಮಾ' 2024ರ ಫೆಬ್ರವರಿಯಲ್ಲಿ ತೆರೆಕಂಡಿತು. 1 ಕೋಟಿ 19 ಲಕ್ಷ ಟಿಕೆಟ್ ಮಾರಿ, ಒಂದು ಕೋಟಿ ದಾಟಿದ ಮೊದಲ ಕೊರಿಯನ್ ಮಾಟಮಂತ್ರದ ಚಿತ್ರವಾಯಿತು. ಐದು ಕೋಟಿ ಚಿಲ್ಲರೆ ಜನರ ದೇಶದಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಬಿಡಿಸುವ ಪೀಠದಲ್ಲಿ ನಾಲ್ವರು ಕೂತಿದ್ದಾರೆ: ಮುದಾಂಗ್ ಹ್ವಾ-ರಿಮ್, ಅವಳ ಶಿಷ್ಯ ಬೊಂಗ್-ಗಿಲ್, ನೆಲದ ಗುಣ ನೋಡಿ ಗೋರಿಗೆ ಜಾಗ ಹೇಳುವ ಸಾಂಗ್-ದೊಕ್, ಹೆಣದ ಸಂಸ್ಕಾರ ಮಾಡುವ ಯೊಂಗ್-ಗುನ್. ಈ ಕೊನೆಯವನು ಚರ್ಚಿನ ಹಿರಿಯನೂ ಹೌದು. ಇದನ್ನು ಯಾರೂ ವಿಚಿತ್ರವೆಂದು ನೋಡುವುದಿಲ್ಲ. ನಾಲ್ವರ ಹೆಸರೂ ಜಪಾನಿನ ವಿರುದ್ಧ ಹೋರಾಡಿದ ಚಾರಿತ್ರಿಕ ವ್ಯಕ್ತಿಗಳದು. ಕಾರುಗಳ ನಂಬರ್ ಪ್ಲೇಟಿನಲ್ಲಿ 1945, 0815, 0301 ಇವೆ. ವಿಮೋಚನೆಯ ವರ್ಷ, ಆ ದಿನ, 1919ರ ಮಾರ್ಚ್ 1ರ ಚಳವಳಿಯ ದಿನ.

ಹ್ವಾ-ರಿಮ್ ಪಾತ್ರ ಮಾಡಿದ ಕಿಮ್ ಗೋ-ಉನ್ ಅವರಿಂದ ಪರದೆಯ ಮುದಾಂಗ್ ಕಾಣುವ ಬಗೆಯೇ ಬದಲಾಯಿತು. ಅದಕ್ಕೆ ಮುಂಚೆ ಮುದಾಂಗ್ ಎಂದರೆ ಕೆದರಿದ ಕೂದಲಿನ ಮುದುಕಿ, ಇಲ್ಲವೇ ದುಡ್ಡು ಕೀಳುವ ಕಳ್ಳಿ. ಇವಳು ಚರ್ಮದ ಕೋಟು ತೊಟ್ಟು ಮೊದಲ ದರ್ಜೆಯಲ್ಲಿ ಹಾರುವ, ಗುತ್ ಉಡುಪಿನ ಕೆಳಗೆ ಕ್ಯಾನ್ವಾಸ್ ಶೂ ಹಾಕುವ, ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳುವ ಕಸುಬುದಾರಳು. ಶಿಷ್ಯ ಬೊಂಗ್-ಗಿಲ್ ಬೇಸ್‌ಬಾಲ್ ಆಡುತ್ತಿದ್ದ ಹುಡುಗ. ದೇವರು ಹಿಡಿದು ಕಾಯಿಲೆ ಬೀಳಿಸುವ 'ಶಿನ್‌ಬ್ಯೊಂಗ್' ಬಂದು ಆಟ ಬಿಟ್ಟವನು. ಮೈತುಂಬ ರಕ್ಷಾಮಂತ್ರದ ಹಚ್ಚೆ. ಹೆಣ್ಣು ಗುರು, ಗಂಡು ಶಿಷ್ಯ, ಇಬ್ಬರ ನಡುವೆ ಪ್ರೇಮದ ಹಾಡಿಲ್ಲ.

ಒಂದು ಗುತ್ ನೋಡುವ ಬಗೆ

'ಎಕ್ಸುಮಾ'ದಲ್ಲಿ ಗೋರಿ ಅಗೆಯುವಾಗ ನಡೆಯುವ 'ದೇಸಾಲ್ ಗುತ್' ಅನ್ನು ಬಿಡಿಸಿ ನೋಡಿದರೆ ಪ್ರಾತಿನಿಧ್ಯ ಎಂಬ ದೊಡ್ಡ ಪದ ಕೆಲಸಕ್ಕೆ ಇಳಿಯುವುದು ಹೇಗೆಂದು ಗೊತ್ತಾಗುತ್ತದೆ. ಕೆಟ್ಟ ನೆಲವನ್ನು ಅಗೆದರೆ ಅಗೆದವನಿಗೆ ಪೆಟ್ಟು. ಆ ಪೆಟ್ಟನ್ನು ಬೇರೆ ಮೈಗೆ ತಿರುಗಿಸಬೇಕು. ಅದಕ್ಕೇ ಅಗೆಯಲು ಬಂದ ಐವರೂ ಹಂದಿಯ ವರ್ಷದಲ್ಲಿ ಹುಟ್ಟಿದವರು, ಎದುರಿಗೆ ಸಾಲಾಗಿ ಇಟ್ಟದ್ದು ಹಂದಿಗಳು. ಅವರು ನೆಲಕ್ಕೆ ಗುದ್ದಲಿ ಹಾಕುವ ಹೊತ್ತಿಗೇ ಮುದಾಂಗ್ ಹಂದಿಗೆ ಕತ್ತಿ ಹಾಕುತ್ತಾಳೆ. ಅದಕ್ಕೆ ಮುಂಚೆ ಅವಳು ಕತ್ತಿಯನ್ನು ಕೆನ್ನೆಗೆ ಎಳೆದುಕೊಂಡು, ಕೆಂಡಕ್ಕೆ ಕೈಹಾಕಿ, ಮಸಿಯನ್ನು ಮುಖಕ್ಕೆ ಬಳಿದುಕೊಳ್ಳುತ್ತಾಳೆ. ಇದು ಶೃಂಗಾರವೂ ಅಲ್ಲ, ಶೋಕಿಯೂ ಅಲ್ಲ. ದೇವರು ನಿಜವಾಗಿ ಮೈಮೇಲೆ ಬಂದಿದೆಯೇ, ಅಂದರೆ ಕತ್ತಿ ಹರಿಯುವುದಿಲ್ಲವೇ, ಬೆಂಕಿ ಸುಡುವುದಿಲ್ಲವೇ ಎಂಬ ಪರೀಕ್ಷೆ. ಕೊನೆಗೆ ರಕ್ತ ಕುಡಿಯುವುದು ದುಡಿದ ದೇವರಿಗೆ ಸಲ್ಲಬೇಕಾದ ಊಟ. ದೃಶ್ಯದಲ್ಲಿ ಯಾರೂ ಇದನ್ನು ಬಾಯಿಬಿಟ್ಟು ವಿವರಿಸುವುದಿಲ್ಲ, ಕ್ರಮ ಮಾತ್ರ ಸರಿಯಾಗಿದೆ. ವೃತ್ತಿಯ ಮುದಾಂಗ್‌ಗಳು ಜೊತೆಗಿದ್ದು ತಿದ್ದಿದರು, ನಾಲ್ಕು ಕ್ಯಾಮೆರಾ ಇಟ್ಟು ಒಂದೇ ದಿನದಲ್ಲಿ ಚಿತ್ರಿಸಿದರು. ತುಂಡುತುಂಡಾಗಿ ಹತ್ತು ದಿನ ತೆಗೆದಿದ್ದರೆ ಚಾಂಗ್ಗು ಚೆಂಡೆಯ ಏರುವ ಲಯಕ್ಕೂ ನಟಿಯ ಏದುಸಿರಿಗೂ ತಾಳ ತಪ್ಪುತ್ತಿತ್ತು.

ತಪ್ಪುವುದು ಎಲ್ಲಿ? ಹೆಚ್ಚಾಗಿ ಪ್ರಾಂತದಲ್ಲಿ. ಮುದಾಂಗ್ ಎಂಬುದು ಒಂದೇ ಅಚ್ಚಿನ ಕಸುಬಲ್ಲ. ಸೋಲ್ ಮತ್ತು ಅದರ ಉತ್ತರಕ್ಕೆ ಹೆಚ್ಚಿನವರು ದೇವರು ಇಳಿದು ಮುದಾಂಗ್ ಆದವರು. ಶಿನ್‌ಬ್ಯೊಂಗ್ ಕಾಯಿಲೆ ಅನುಭವಿಸಿ, 'ನೇರಿಮ್‌ಗುತ್' ಎಂಬ ದೀಕ್ಷೆಯಾಗಿ, ಗುರುತಾಯಿಯ ಕೈಕೆಳಗೆ ಕಲಿತವರು. ನೈರುತ್ಯದ ಜೊಲ್ಲಾ ಪ್ರಾಂತದಲ್ಲಿ ಹಿಂದಿನಿಂದ ಇದ್ದವರು 'ದಾಂಗೋಲ್' ಮನೆತನದವರು. ಇವರಿಗೆ ಕಸುಬು ವಂಶದಿಂದ ಬರುತ್ತದೆ, ದೇವರು ಮೈಮೇಲೆ ಬರಲೇಬೇಕೆಂದಿಲ್ಲ, ಹಾಡುಗಾರಿಕೆಯೇ ಬಂಡವಾಳ. ಸತ್ತವರ ಮನಸ್ಸಿನ ಕಸರು ತೊಳೆದು ಕಳಿಸುವ ಜಿಂದೋ ದ್ವೀಪದ ಸಿತ್ಗಿಮ್‌ಗುತ್ ಅವರದು. ಅದರಲ್ಲಿ ಕುಣಿದಾಟ ಕಡಿಮೆ, ಅಳುವಿನಂಥ ರಾಗ ಹೆಚ್ಚು. ಸಿನಿಮಾಕ್ಕೆ ಬೇಕಾದ್ದು ಕತ್ತಿ, ನೆಗೆತ, ರಕ್ತ. ಹಾಗಾಗಿ ಕಥೆ ಯಾವ ಪ್ರಾಂತದ್ದಾದರೂ ಉತ್ತರದ ಆವೇಶದ ಗುತ್ ಒಂದೇ ಎಲ್ಲ ಕಡೆಯದೂ ಆಗಿಬಿಟ್ಟಿದೆ. 2016ರ 'ದಿ ವೇಲಿಂಗ್' ನಡೆಯುವುದೇ ಜೊಲ್ಲಾದ ಗೋಕ್‌ಸಂಗ್‌ನಲ್ಲಿ. ಆದರೆ ಅಲ್ಲಿನ ಮಂತ್ರವಾದಿ ಇಲ್-ಗ್ವಾಂಗ್ ಕಾರು ಓಡಿಸಿಕೊಂಡು ಹೊರಗಿನಿಂದ ಬಂದವನು. ಆ ಮಣ್ಣಿನ ದಾಂಗೋಲ್ ಪರಂಪರೆ ಚಿತ್ರದಲ್ಲಿ ಎಲ್ಲೂ ಇಲ್ಲ.

ಅದರೆದುರು ಅದೇ ಚಿತ್ರ ಕೊಟ್ಟ ಬೇರೊಂದು ಪ್ರಾತಿನಿಧ್ಯವನ್ನೂ ಹೇಳಬೇಕು. ಕೊರಿಯನ್ ಸಿನಿಮಾದಲ್ಲಿ ಜೊಲ್ಲಾ ಮಾತು ಬಹುಕಾಲ ರೌಡಿಗಳ ಮತ್ತು ಆಳುಕಾಳುಗಳ ಮಾತಾಗಿತ್ತು. ನಿರ್ದೇಶಕ ನಾ ಹಾಂಗ್-ಜಿನ್ ಅದನ್ನು ಪೊಲೀಸನ ಮನೆಯ ಊಟದ ಮಾತಾಗಿಸಿದರು. ಮೆಟ್ಟಿಸಿಕೊಂಡ ಪುಟ್ಟ ಹುಡುಗಿ ಅಪ್ಪನ ಮೇಲೆ ಎಗರಿಬಿದ್ದು, ಯಾವುದು ಮುಖ್ಯ ಅಂತಾದರೂ ನಿನಗೆ ಗೊತ್ತಾ ಎಂದು ಜೊಲ್ಲಾ ಮಾತಿನಲ್ಲಿ ಕೇಳುವ ಸಾಲು ಆ ವರ್ಷ ದೇಶದ ಬಾಯಲ್ಲೆಲ್ಲ ಓಡಾಡಿತು. ಸಬ್‌ಟೈಟಲಿನಲ್ಲಿ ಇದು ಪೂರ್ತಿ ಸೋರಿಹೋಗುತ್ತದೆ. ಧಾರವಾಡದ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸಿದರೆ ಏನು ಉಳಿದೀತು, ಅಷ್ಟೇ.

ಎರಡನೆಯ ಪೀಠ: ಹಾಸಿಗೆಗೆ ಕಟ್ಟಿದ ಹುಡುಗಿ

'ದಿ ಪ್ರೀಸ್ಟ್ಸ್'ನ ಶಾಲಾ ಹುಡುಗಿ, 'ದಿ ವೇಲಿಂಗ್'ನ ಪೊಲೀಸನ ಮಗಳು, 'ಸ್ವಾಹಾ'ದ ಅವಳಿಗಳು. ಮೆಟ್ಟಿಸಿಕೊಳ್ಳುವವರು ಮತ್ತೆ ಮತ್ತೆ ಹೆಣ್ಣುಮಕ್ಕಳು, ಅದೂ ಇನ್ನೂ ಬೆಳೆಯುವ ವಯಸ್ಸಿನವರು. ಇದು ಹಾಲಿವುಡ್‌ನಿಂದ ಬಂದ ರೂಢಿ. ಬೆಳೆಯುವ ಹೆಣ್ಣುಮೈಯನ್ನು ಕಂಡರೆ ಮನೆಯವರಿಗಿರುವ ದಿಗಿಲನ್ನು ದೆವ್ವದ ತಲೆಗೆ ಕಟ್ಟುವುದು. ನಟಿಯರಿಗೆ ಇದರಿಂದ ದೊಡ್ಡ ಅವಕಾಶ ಸಿಕ್ಕಿದ್ದು ನಿಜ. ಪಾರ್ಕ್ ಸೋ-ದಾಮ್ ತಲೆ ಬೋಳಿಸಿಕೊಂಡು ಕೊರಿಯನ್, ಲ್ಯಾಟಿನ್, ಜರ್ಮನ್, ಚೀನೀ ಭಾಷೆಗಳಲ್ಲಿ ಒದರಿದ್ದು 'ದಿ ಪ್ರೀಸ್ಟ್ಸ್'ನ ಬೆನ್ನೆಲುಬು. ಆದರೆ ಆ ನಾಲ್ಕು ಭಾಷೆಯಲ್ಲಿ ಮಾತಾಡುವುದು ದೆವ್ವ. ಹುಡುಗಿಯ ಸ್ವಂತ ಮಾತು ಎಷ್ಟೆಂದು ಎಣಿಸಿದರೆ ಬೆರಳು ಉಳಿಯುತ್ತವೆ. ಈ ಪೀಠದಲ್ಲಿ ಕೂತವರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲಿಲ್ಲ: ಮೆಟ್ಟುವ ಮೊದಲು, ಬಿಟ್ಟ ಮೇಲೆ, ಅವರು ತಮ್ಮದೇ ದನಿಯಲ್ಲಿ ಎಷ್ಟು ಮಾತಾಡುತ್ತಾರೆ?

ಅಂಗವೈಕಲ್ಯದ ಮಾತು ಬಂದಾಗ 'ಸ್ವಾಹಾ' ತೊಡಕಿನ ಚಿತ್ರ. ಅವಳಿಗಳಲ್ಲಿ ಒಬ್ಬಳ ಕಾಲು ಹೊಟ್ಟೆಯಲ್ಲಿದ್ದಾಗಲೇ ಊನವಾಗಿದೆ. ಇನ್ನೊಬ್ಬಳ ಮೈತುಂಬ ರೋಮ, ಅವಳಿಗೆ ಹೆಸರೇ ಇಲ್ಲ, ಮನೆಯವರು 'ಅದು' ಎನ್ನುತ್ತಾರೆ, ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದಾರೆ. ಎರಡೂ ಪಾತ್ರ ಮಾಡಿದ್ದು ಲೀ ಜೇ-ಇನ್. ಬೇರೆಯಾಗಿ ಹುಟ್ಟಿದ ಮೈ ಎಂದರೆ ಕೇಡು ಎಂಬ ಹಳೆಯ ಸಮೀಕರಣವನ್ನು ಚಿತ್ರ ಅರ್ಧ ದಾರಿವರೆಗೆ ಪೋಷಿಸಿ, ಆಮೇಲೆ ಕೇಡು ಇರುವುದು ಸುಂದರವಾದ, ಪೂಜೆಗೊಳ್ಳುವ ಮೈಯಲ್ಲಿ ಎಂದು ಮಗುಚಿ ಹಾಕುತ್ತದೆ. ಮಗುಚಿದ್ದು ಒಳ್ಳೆಯದೇ. ಆದರೆ ಅಷ್ಟು ಹೊತ್ತು ಪ್ರೇಕ್ಷಕರನ್ನು ಹೆದರಿಸಿದ್ದು ಆ ರೋಮದ ಮೈಯೇ ಎಂಬುದು ಮಗುಚುವುದಿಲ್ಲ.

2025ರ ಜನವರಿಯಲ್ಲಿ ಬಂದ 'ಡಾರ್ಕ್ ನನ್ಸ್' ಎರಡು ಪೀಠಗಳನ್ನೂ ಅದಲುಬದಲು ಮಾಡಿತು. ಇದು 'ದಿ ಪ್ರೀಸ್ಟ್ಸ್' ಲೋಕದ್ದೇ ಕವಲು, ನಿರ್ದೇಶಕರು ಬೇರೆ. ಮೆಟ್ಟಿಸಿಕೊಂಡವನು ಹುಡುಗ, ಬಿಡಿಸುವವರು ಇಬ್ಬರು ಸನ್ಯಾಸಿನಿಯರು, ಸಾಂಗ್ ಹೆ-ಕ್ಯೋ ಮತ್ತು ಜಿಯೋನ್ ಯೋ-ಬೀನ್. ಮೇಲೆ ಹೇಳಿದ 1172ನೇ ಕಲಮು ಇಲ್ಲಿ ಕಥೆಯ ಕೀಲಿಯಾಗುತ್ತದೆ. ಸನ್ಯಾಸಿನಿಗೆ ಪಾದ್ರಿಯ ದೀಕ್ಷೆ ಇಲ್ಲ, ದೀಕ್ಷೆ ಇಲ್ಲದೆ ಅಪ್ಪಣೆ ಇಲ್ಲ, ಅಪ್ಪಣೆ ಇಲ್ಲದೆ ಮಾಡಿದ್ದು ಅಪರಾಧ. ದೆವ್ವದ ಎದುರು ನಿಲ್ಲುವ ಮುಂಚೆ ಅವರು ಮೇಜಿನಾಚೆ ಕೂತ ಗಂಡಸರ ಎದುರು ನಿಲ್ಲಬೇಕು. ಅವರ ನೆರವಿಗೆ ಬರುವವಳು ಸನ್ಯಾಸ ಬಿಟ್ಟು ಮುದಾಂಗ್ ಆದ ಹಳೆಯ ಗೆಳತಿ ಮತ್ತು ಅವಳ ಶಿಷ್ಯ, ಉಗ್ಗುವ ಹುಡುಗ ಏ-ದೊಂಗ್. ಆ ಹೆಸರಿಗೆ ಮುದಾಂಗ್‌ಗಳ ಮಾತಿನಲ್ಲಿ ಹೊಸ ಶಿಷ್ಯ ಎಂದೇ ಅರ್ಥ. ಉಗ್ಗನ್ನು ನಗೆಗೆ ಬಳಸದೆ, ಮಂತ್ರ ಹೇಳಬೇಕಾದವನಿಗೆ ಮಾತೇ ತೊಡಕಾದರೆ ಏನಾದೀತು ಎಂಬ ಆತಂಕಕ್ಕೆ ಬಳಸಿದ್ದು ಜಾಣತನ. ಟಿಕೆಟ್ ಮಾರಾಟ 16 ಲಕ್ಷ ದಾಟಿದರೂ ಮೊದಲ ಚಿತ್ರದ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಹೆಣ್ಣು ನಾಯಕಿಯರಿಂದಾಗಿ ಓಡಲಿಲ್ಲ ಎನ್ನುವ ಮಾತಿನಲ್ಲಿ ಹುರುಳಿಲ್ಲ. ಹ್ವಾ-ರಿಮ್‌ಗೆ ಸೇರಿದ ಜನ ಅದಕ್ಕೆ ಹಿಂದಿನ ವರ್ಷವೇ ಉತ್ತರ ಕೊಟ್ಟಿದ್ದರು. ಕಥೆಯ ನಡುಭಾಗ ಜಾಳಾಗಿತ್ತು, ಅಷ್ಟೇ. ಅದೇ ವರ್ಷದ 'ಹೋಲಿ ನೈಟ್: ಡೀಮನ್ ಹಂಟರ್ಸ್'ನಲ್ಲೂ ದೆವ್ವ ಬಿಡಿಸುವ ಶಕ್ತಿ ಇರುವುದು ಶರೋನ್ ಎಂಬ ಹೆಣ್ಣಿಗೆ, ನಾಯಕ ನಟ ಮಾ ದೊಂಗ್-ಸೊಕ್ ಪಾಲಿಗೆ ಗುದ್ದುವ ಕೆಲಸ.

ಹೆಣ್ಣುಗಳ ಕೂಟ ಚೆನ್ನಾಗಿ ಕೂಡಿಬಂದದ್ದು 'ಎಕ್ಸುಮಾ'ದ ಆಸ್ಪತ್ರೆ ದೃಶ್ಯದಲ್ಲಿ. ಬೊಂಗ್-ಗಿಲ್‌ನನ್ನೇ ಮೆಟ್ಟಿದಾಗ ಹ್ವಾ-ರಿಮ್ ಮತ್ತು ಇನ್ನಿಬ್ಬರು ಮುದಾಂಗ್‌ಗಳು ಕೂತು, ಬೈಬಲೂ ಇಲ್ಲದೆ ಕತ್ತಿಯೂ ಇಲ್ಲದೆ, ಆಟ ಕಟ್ಟಿ ಮಾತಿಗೆಳೆದು ಒಳಗಿದ್ದವನ ಗುಟ್ಟು ಬಿಡಿಸುತ್ತಾರೆ. ಅವರು ಬೆದರಿಸುವುದಿಲ್ಲ, ಪೂಸಿ ಹೊಡೆಯುತ್ತಾರೆ. ಪಾದ್ರಿಯ ವಿಧಿ ದೆವ್ವಕ್ಕೆ ಹೊರಡು ಎಂದು ಆಜ್ಞೆ ಮಾಡುತ್ತದೆ. ಮುದಾಂಗ್ ವಿಧಿ ನಿನಗೇನು ಬೇಕು ಎಂದು ಕೇಳುತ್ತದೆ. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಯಾವ ಚಿತ್ರ ಯಾವ ಪರಂಪರೆಯನ್ನು ನಿಜವಾಗಿ ಓದಿಕೊಂಡಿದೆ, ಯಾವುದು ಕಾಟಾಚಾರಕ್ಕೆ ವೇಷ ತೊಡಿಸಿದೆ ಎಂದು ಹತ್ತು ನಿಮಿಷದಲ್ಲಿ ಹೇಳಬಹುದು.

ಮೂರನೆಯ ಪೀಠ: ದೆವ್ವದ ಪಾಸ್‌ಪೋರ್ಟು

ಮೆಟ್ಟಿದ್ದು ಎಲ್ಲಿಂದ ಬಂತು? 'ದಿ ಪ್ರೀಸ್ಟ್ಸ್'ನಲ್ಲಿ ಯುರೋಪಿನ ದೆವ್ವಶಾಸ್ತ್ರದಿಂದ. 'ದಿ ವೇಲಿಂಗ್'ನಲ್ಲಿ ಊರವರ ಬೆರಳು ತೋರಿಸುವುದು ಬೆಟ್ಟದಲ್ಲಿರುವ ಜಪಾನೀಯನನ್ನು. 'ಎಕ್ಸುಮಾ'ದಲ್ಲಿ ಗೋರಿಯ ಕೆಳಗಿನ ಗೋರಿಯಿಂದ ಏಳುವುದು ಜಪಾನೀ ಯೋಧ. 1910ರಿಂದ 1945ರವರೆಗೆ ಜಪಾನ್ ಆಳಿದ ನಾಡಿಗೆ ಈ ದೆವ್ವ ಸಹಜ, ಇಲ್ಲವೆನ್ನುವವರಾರು. ಆದರೆ ಎರಡು ಚಿತ್ರ ಅದನ್ನು ಬಳಸುವ ಬಗೆ ಬೇರೆ.

'ಎಕ್ಸುಮಾ' ಸಿಟ್ಟನ್ನು ನೇರವಾಗಿ ನಂಬುತ್ತದೆ. ಕೊರಿಯಾದ ನೆಲದ ಕಸುವು ಕಡಿಯಲು ಜಪಾನೀಯರು ಬೆಟ್ಟಗಳಿಗೆ ಕಬ್ಬಿಣದ ಗೂಟ ಹೊಡೆದರು ಎಂಬ ನಂಬಿಕೆ ಅದರ ಬೇರು. 1995ರಲ್ಲಿ, ವಿಮೋಚನೆಯ 50ನೇ ವರ್ಷ, ಅಧ್ಯಕ್ಷ ಕಿಮ್ ಯಂಗ್-ಸಾಮ್ ಸರ್ಕಾರವೇ ಗೂಟ ಕೀಳಿಸುವ ಕೆಲಸ ಹಮ್ಮಿಕೊಂಡಿತ್ತು. ಸಿಕ್ಕ ಗೂಟಗಳಲ್ಲಿ ಹೆಚ್ಚಿನವು ಭೂಮಾಪನದ ಗುರುತುಗಳೆಂದು ಇತಿಹಾಸಕಾರರು ಹೇಳುತ್ತಾರೆ, ಚಿತ್ರದೊಳಗೂ ಆ ಅನುಮಾನ ಒಮ್ಮೆ ಬಾಯಿಗೆ ಬರುತ್ತದೆ. ಹಾಗಿದ್ದೂ ಚಿತ್ರ ಗೂಟದ ಕಡೆಗೇ ನಡೆಯುತ್ತದೆ. ಅದರ ಸೂಕ್ಷ್ಮ ಇರುವುದು ಬೇರೆಡೆ: ಗೋರಿ ಅಗೆಸಿದ ಮನೆತನ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಕೊರಿಯನ್ನರದು, ಅವರ ಸಂಪತ್ತಿನ ಮೂಲಪುರುಷ ಜಪಾನೀಯರ ಜೊತೆ ಕೈಜೋಡಿಸಿದವನು. ಕೇಡು ಹೊರಗಿನಿಂದ ಬಂದರೂ ಬಾಗಿಲು ತೆರೆದವರು ಒಳಗಿನವರು. ಚಿತ್ರದ ಮೊದಲಲ್ಲೇ ವಿಮಾನದ ಪರಿಚಾರಿಕೆ ಹ್ವಾ-ರಿಮ್‌ಳನ್ನು ಜಪಾನಿಯವಳೆಂದು ತಿಳಿದು ಆ ಭಾಷೆಯಲ್ಲಿ ಮಾತಾಡಿಸುತ್ತಾಳೆ. ಇವಳು ತಾನು ಕೊರಿಯನ್ ಎಂದು ತಿದ್ದುತ್ತಾಳೆ, ತಿದ್ದುವುದೂ ಚೊಕ್ಕ ಜಪಾನಿಯಲ್ಲೇ. ಇನ್ನೊಂದು ತುದಿಗೆ ಸಾಂಗ್-ದೊಕ್‌ನ ಮಗಳ ಮದುವೆ. ವರ ಜರ್ಮನಿಯವನು. ಇಡೀ ಚಿತ್ರದಲ್ಲಿ ನಗುನಗುತ್ತ ಕುಟುಂಬದ ಫೋಟೊದೊಳಗೆ ಬರುವ ಪರದೇಶಿ ಇವನೊಬ್ಬ. ಯಾವ ಪರದೇಶಿಗೆ ಫೋಟೊ, ಯಾವ ಪರದೇಶಿಗೆ ಶವಪೆಟ್ಟಿಗೆ ಎಂದು ಯೋಚಿಸಲು ಇಷ್ಟು ಸಾಕು.

ಇನ್ನೂ ಖಾಲಿ ಇರುವ ಜಾಗವೂ ಇಲ್ಲೇ ಇದೆ. 2023ರ ಕೊನೆಗೆ ದಕ್ಷಿಣ ಕೊರಿಯಾದಲ್ಲಿ ನೆಲೆಸಿದ್ದ ವಿದೇಶೀಯರು 25 ಲಕ್ಷ ದಾಟಿದ್ದರು. ಕಾರ್ಖಾನೆಗಳಲ್ಲಿ, ಹೊಲದ ಪ್ಲಾಸ್ಟಿಕ್ ಮನೆಗಳಲ್ಲಿ, ಮೀನುದೋಣಿಗಳಲ್ಲಿ ವಿಯೆಟ್ನಾಂ, ಥಾಯ್ಲೆಂಡ್, ನೇಪಾಳ, ಉಜ್ಬೇಕಿಸ್ತಾನದವರು ದುಡಿಯುತ್ತಾರೆ. ಹಳ್ಳಿಗಳಿಗೆ ಸೊಸೆಯಾಗಿ ಬಂದವರೂ ಬಹಳ. ಅವರ ಜೊತೆ ಅವರ ದೇವರೂ ದೆವ್ವವೂ ಬಂದಿರಲೇಬೇಕಲ್ಲ. ಇಲ್ಲಿ ಹೆಸರಿಸಿದ ಯಾವ ಕೊರಿಯನ್ ಚಿತ್ರದಲ್ಲೂ ಮೂರು ಪೀಠಗಳ ಪೈಕಿ ಒಂದರಲ್ಲೂ ಅವರಿಲ್ಲ. ನಾ ಹಾಂಗ್-ಜಿನ್ ನಿರ್ಮಿಸಿ, ಥಾಯ್ ನಿರ್ದೇಶಕ ಬಂಜೊಂಗ್ ಪಿಸಂತನಕುನ್ ತೆಗೆದ 2021ರ 'ದಿ ಮೀಡಿಯಂ' ಥಾಯ್ಲೆಂಡಿನ ಈಸಾನ್ ಪ್ರಾಂತಕ್ಕೆ ಹೋಗಿ, ತಲೆಮಾರುಗಳಿಂದ ಮನೆಯ ಹೆಣ್ಣುಗಳ ಮೈಮೇಲೆಯೇ ಬರುವ ದೇವತೆಯ ಕಥೆ ಹೇಳಿತು. ಅಕ್ಕ ಕ್ರೈಸ್ತಳಾಗಿ ಆ ಹೊಣೆ ಒಲ್ಲೆನೆಂದಾಗ ಅದು ತಂಗಿಯ ಹೆಗಲೇರುತ್ತದೆ. ಕೊರಿಯಾದ ಹಣ ಈಸಾನಿಗೆ ಹೋಯಿತು. ಈಸಾನಿನಿಂದ ಕೊರಿಯಾಕ್ಕೆ ದುಡಿಯಲು ಬಂದವಳ ಕಥೆ ಇನ್ನೂ ಬರಬೇಕು.

'ದಿ ವೇಲಿಂಗ್' ಈ ಮೂರನೆಯ ಪೀಠವನ್ನೇ ಅನುಮಾನಿಸುವ ಚಿತ್ರ, ಅದಕ್ಕೇ ಎಲ್ಲಕ್ಕಿಂತ ತೊಡಕಿನದು. ಜಪಾನೀಯನ ಮೇಲೆ ಮೊದಲು ಇರುವುದು ಬರೀ ಗಾಳಿಮಾತು, ಅವನ ಅಪರಾಧ ಪರದೇಶಿಯಾಗಿರುವುದು. ಪಾತ್ರ ಮಾಡಿದ ಜುನ್ ಕುನಿಮುರಾ ಆ ವರ್ಷದ ಬ್ಲೂ ಡ್ರ್ಯಾಗನ್ ಪೋಷಕ ನಟ ಪ್ರಶಸ್ತಿ ಪಡೆದರು, ಅಲ್ಲಿ ಪ್ರಶಸ್ತಿ ಗೆದ್ದ ಮೊದಲ ವಿದೇಶಿ ನಟ. ಪ್ರಸಿದ್ಧವಾದ ಗುತ್ ದೃಶ್ಯದಲ್ಲಿ ಅಂಗಳದ ಇಲ್-ಗ್ವಾಂಗ್ ಮತ್ತು ಬೆಟ್ಟದ ಜಪಾನೀಯನ ಆಚರಣೆಗಳನ್ನು ಬದಲಿಸಿ ಬದಲಿಸಿ ತೋರಿಸುತ್ತಾರೆ. ಇಬ್ಬರೂ ಹೊಡೆದಾಡುತ್ತಿದ್ದಾರೆ ಎಂದು ನಾವೇ ಹೊಲಿದುಕೊಳ್ಳುತ್ತೇವೆ. ಆದರೆ ಇಲ್-ಗ್ವಾಂಗ್‌ನ ಮರದ ಗೂಟಕ್ಕೆ ಮೊಳೆ ಬಿದ್ದಾಗಲೆಲ್ಲ ಚೀರುವುದು ಹಾಸಿಗೆಯ ಮೇಲಿನ ಹುಡುಗಿ. ಇಲ್-ಗ್ವಾಂಗ್ ಬಟ್ಟೆ ಬದಲಿಸುವಾಗ ಕಾಣುವ ಒಳ ಉಡುಪು ಜಪಾನೀ ಕಚ್ಚೆ. ಎರಡನೇ ಸಲ ನೋಡುವವರು ಇವೆರಡನ್ನು ಹಿಡಿದುಕೊಳ್ಳಲಿ.

ಮೂರನೆಯದು ಭಾಷೆ. ಆ ಊರಿನಲ್ಲಿ ಜಪಾನಿ ಬಲ್ಲವನು ಒಬ್ಬನೇ, ಇನ್ನೂ ಪಾದ್ರಿಯಾಗದ ತರುಣ ಡೀಕನ್. ಪೊಲೀಸರು ಅವನನ್ನು ದುಭಾಷಿಯಾಗಿ ಕರೆದೊಯ್ಯುತ್ತಾರೆ. ಕೊನೆಗೆ ಗುಹೆಯಲ್ಲಿ ಅವನೊಬ್ಬನೇ ಜಪಾನೀಯನ ಎದುರು ಕೂತು ನೀನು ಯಾರೆಂದು ಕೇಳುವಾಗ ಇಬ್ಬರ ನಡುವೆ ನಡೆಯುವುದು ಜಪಾನಿ ಮಾತು. ಕೊರಿಯನ್ ಪ್ರೇಕ್ಷಕರೂ ಅಲ್ಲಿ ನಮ್ಮ ಹಾಗೆ ಸಬ್‌ಟೈಟಲ್ ಓದುತ್ತಾರೆ. ಭಾಷೆ ಬದಲಾದದ್ದನ್ನು ಆವರಣದಲ್ಲಿ ತೋರಿಸುವ ಸಬ್‌ಟೈಟಲ್ ಸಿಕ್ಕರೆ ಅದನ್ನೇ ಹಾಕಿಕೊಳ್ಳಿ. ಡಬ್ ಮಾಡಿದ ಪ್ರತಿಯಲ್ಲಿ ಇಬ್ಬರೂ ಒಂದೇ ಭಾಷೆಯವರಾಗಿಬಿಡುತ್ತಾರೆ, ದುಭಾಷಿಗೆ ಕೆಲಸವೇ ಇರುವುದಿಲ್ಲ.